ಗಾಳಿ ಎಲ್ಲಿಂದ ಬಂತು?

ಮಣ್ಣು ಮಾಡಿ ಬಂದವರೆಲ್ಲ ಉಸ್ತಾದನ ಮನೆಯ ಮುಂದಿನ ಕಟ್ಟೆಯ ಮೇಲೆ ಕೂತಿದ್ದರು. ಹಿರಿಯರೊಬ್ಬರು ಟವೆಲ್ಲಿನಿಂದ ಮುಖ ಒರೆಸಿಕೊಂಡು, "ಪುಣ್ಯವಂತ ನೋಡ್ರಿ. ಹಾಸಿಗಿ ಹಿಡೀಲಿಲ್ಲ, ಯಾರ ಕೈಲೂ ಸೇವಾ ಮಾಡಿಸ್ಕೊಳ್ಳಲಿಲ್ಲ. ಗಾಳಿ ಹೋದಂಗ ಹೋಗಿಬಿಟ್ಟ" ಎಂದರು. ಸುತ್ತಲಿದ್ದವರು ಹೌದು ಹೌದೆಂದು ಗೋಣು ಹಾಕಿದರು. ನನಗೆ ಮೈಯೆಲ್ಲ ಉರಿದುಹೋಯಿತು. ಪುಣ್ಯವಂತನಂತೆ! ಹಾಡಹಗಲು, ಗ್ಯಾರೇಜಿನ ಸ್ಟೂಲಿನ ಮೇಲೆ ಕೂತು, ಕೈಯಲ್ಲಿ ಸೋಡಾ ಬಾಟಲಿ ಹಿಡಿದುಕೊಂಡು, ಎದೆ ನಿಂತು ಸತ್ತವನು ಪುಣ್ಯವಂತನಾದರೆ ಅಂಥ ಪುಣ್ಯ ನಮ್ಮ ವೈರಿಗೂ ಬೇಡ.

"ಬ್ಯಾರೆ ಏನರ ಅನ್ರಿ ಯಜಮಾನ್ರ, ಗಾಳಿ ಅಂತ ಮಾತ್ರ ಅನಬ್ಯಾಡ್ರಿ" ಎಂದೆ. "ಆ ಒಂದ ಮಾತ ಅವನ್ನ ತಿಂದು ಹಾಕೇತಿ."

ಅವರಿಗೆ ನನ್ನ ಮಾತು ಅರ್ಥವಾಗಲಿಲ್ಲ. ಪಕ್ಕದಲ್ಲಿದ್ದ ಹೆಂಗಸರು ನನ್ನ ಸೆರಗು ಜಗ್ಗಿ ಒಳಗೆ ಕರೆದುಕೊಂಡು ಹೋದರು. ಸತ್ತವರ ಬಗ್ಗೆ ಒಳ್ಳೆಯದನ್ನೇ ಆಡಬೇಕಂತೆ. ನನ್ನಿಂದ ಆಗುವುದಿಲ್ಲ. ಸಿಟ್ಟು ಇನ್ನೂ ಇಳಿದಿಲ್ಲ, ಇಳಿಯುವ ತನಕ ಕಾಯುತ್ತ ಕೂತರೆ ಬರೆಯುವುದೂ ಆಗುವುದಿಲ್ಲ.

ಸಿಂಧನೂರಿನಲ್ಲಿ ಅಕ್ಕಿ ಗಿರಣಿಗಳ ಕಡೆಗೆ ಹೋಗುವ ರಸ್ತೆಯಲ್ಲಿ ನನ್ನದು ಗಾಡಿಗಳ ಬಿಡಿಭಾಗದ ಅಂಗಡಿ. ಅಪ್ಪ ಹಾಕಿದ್ದು, ಅಪ್ಪ ಹೋದ ಮೇಲೆ ಗಲ್ಲಾದ ಮೇಲೆ ನಾನು ಕೂತೆ. ಗೋಡೆಯ ಆಚೆ ಅವನ ಗ್ಯಾರೇಜು. ಇಟ್ಟಿಗೆ ಕಿತ್ತು ಮಾಡಿದ ಒಂದು ಕಿಂಡಿ ಆ ಗೋಡೆಯಲ್ಲಿತ್ತು. ಆ ಕಿಂಡಿಯಿಂದ ಮೊದಲು ಗ್ರೀಸು ಮೆತ್ತಿದ ಕೈ ಬರುತ್ತಿತ್ತು, ಕೈಯಲ್ಲಿ ಕೆಟ್ಟ ವಾಷರೋ ಬೇರಿಂಗೋ ಇರುತ್ತಿತ್ತು. ಅದರ ಹಿಂದೆ ದನಿ: "ಇಂಥಾದ್ದ ಕೊಡು ಬೇ. ಇದರಂಥಾದ್ದು ಕೊಡಬ್ಯಾಡ, ಇಂಥಾದ್ದ ಕೊಡು." ದಿನವೆಲ್ಲ ನಮ್ಮಿಬ್ಬರ ಮಾತುಕತೆ, ಜಗಳ, ಚಹಾದ ಲೋಟ ಎಲ್ಲವೂ ಆ ಕಿಂಡಿಯ ಮೂಲಕವೇ ನಡೆಯುತ್ತಿದ್ದವು.

ಊರಿಗೆಲ್ಲ ಅವನು ಉಸ್ತಾದ. ನನಗೆ ಅಣ್ಣ. ಒಡಹುಟ್ಟಿದವನಲ್ಲ, ಆದರೆ ಬೈಯುವುದರಲ್ಲಿ ಒಡಹುಟ್ಟಿದವರನ್ನು ಮೀರಿಸಿದವನು. ವಯಸ್ಸಿನಲ್ಲಿ ದೊಡ್ಡವನಾದ್ದರಿಂದ 'ಅವರು' ಎಂದು ಬರೆಯಬಹುದಿತ್ತು, ಬರೆಯುವುದಿಲ್ಲ. ಆ ಮರ್ಯಾದೆಯನ್ನು ಅವನು ಸೋಡಾ ಬಾಟಲಿಯ ಜೊತೆ ಕಳೆದುಕೊಂಡ.

ಬೆಳಿಗ್ಗೆ ಹಣೆ ತುಂಬ ವಿಭೂತಿ ಹಚ್ಚಿಕೊಂಡು ಬರುವನು. ಮಧ್ಯಾಹ್ನದ ಹೊತ್ತಿಗೆ ಅರ್ಧ ವಿಭೂತಿ, ಅರ್ಧ ಗ್ರೀಸು. ಬೈಯದೆ ಒಂದು ನಟ್ಟು ಬಿಚ್ಚಿದವನಲ್ಲ. ಗಾಡಿಯ ಮಾಲೀಕ ಗೇಟಿನಲ್ಲಿ ಕಾಣಿಸಿದರೆ ಸಾಕು, "ಬಂದ್ಯಾ? ಗಾಡಿ ಕೊಂದು ಹೆಣ ತಂದಿಯೇನು?" ಎಂದೇ ಶುರು. ನಿರಾಶ್ರಿತರಾಗಿ ಬಂದು ಆರ್.ಎಚ್. ಕ್ಯಾಂಪಿನಲ್ಲಿ ನೆಲೆಸಿದ ಬಂಗಾಲಿ ರೈತರು ಬಂದರೆ ಕನ್ನಡದಲ್ಲಿ ಅರ್ಧ, ಹಿಂದಿಯಲ್ಲಿ ಅರ್ಧ ಬೈಯುತ್ತಿದ್ದ. ಅವರೂ ಬಂಗಾಲಿಯಲ್ಲಿ ತಿರುಗಿ ಏನೋ ಅನ್ನುತ್ತಿದ್ದರು, ಇಬ್ಬರೂ ನಗುತ್ತಿದ್ದರು. "ಹಿಂಗ ಬೈದರ ಗಿರಾಕಿ ಉಳೀತಾವೇನಣ್ಣಾ?" ಎಂದು ಒಮ್ಮೆ ಕೇಳಿದೆ. "ಬೈಸ್ಕೊಂಡಾವ ಗಾಡಿ ಬರೋಬ್ಬರಿ ಇಟ್ಕೊಂತಾನ. ನಕ್ಕು ಕಳಿಸಿದಾವ ಮುಂದಿನ ತಿಂಗಳ ಮತ್ತ ಬರ್ತಾನ" ಎಂದ. ತನ್ನ ಬಗ್ಗೆ ಅವನಿಗೆ ಭಾರೀ ಅಭಿಮಾನವಿತ್ತು. ಜಿಲ್ಲೆಯಲ್ಲಿ ತನ್ನಂಥ ಇನ್ನೊಬ್ಬ ಇಲ್ಲ ಎಂದು ಅವನೇ ಹೇಳಿಕೊಳ್ಳುತ್ತಿದ್ದ, ಯಾರೂ ಕೇಳದಿದ್ದರೂ.

ಕ್ಲಚ್ಚಿನ ಗಾಡಿ ಬಂದರೆ ಅವನ ಒಂದು ಪದ್ಧತಿ ನೋಡುವ ಹಾಗಿರುತ್ತಿತ್ತು. ಸೀಟಿನಲ್ಲಿ ಕೂತು ಕಾಲಿನಿಂದ ಪೆಡಲ್ ಒತ್ತುತ್ತಿರಲಿಲ್ಲ. ಬಾಗಿಲು ತೆಗೆದು, ನೆಲದ ಮೇಲೆ ಮೊಣಕಾಲೂರಿ, ಅಂಗೈಯಿಂದ ಒತ್ತುತ್ತಿದ್ದ. ದೇವರ ಪಾದ ಮುಟ್ಟುತ್ತಿದ್ದಾನೆ ಎಂದು ಎದುರಿನ ಸೋಡಾ ಅಂಗಡಿಯವನು ಚೇಷ್ಟೆ ಮಾಡುತ್ತಿದ್ದ. "ಕಾಲಿಗಿ ಸೊಕ್ಕು ಇರ್ತೈತಿ, ಅದಕ್ಕ ಏನೂ ತಿಳಿಯಂಗಿಲ್ಲ. ಕೈ ಕೇಳ್ತೈತಿ" ಎನ್ನುತ್ತಿದ್ದ ಇವನು. ಒತ್ತಿ, ನಿಧಾನ ಬಿಟ್ಟು, ಪೆಡಲ್ ಅಂಗೈಯನ್ನು ಎಷ್ಟು ಜೋರಾಗಿ ತಿರುಗಿ ನೂಕುತ್ತದೆ ಎಂದು ಕಣ್ಣು ಮುಚ್ಚಿಕೊಂಡು ನೋಡುತ್ತಿದ್ದ.

ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕು, ಇಲ್ಲದಿದ್ದರೆ ನನ್ನ ಸಿಟ್ಟು ತಿಳಿಯುವುದಿಲ್ಲ. ಈಗಿನ ಬಹಳ ಕಾರುಗಳಲ್ಲಿ ಕ್ಲಚ್ ನಡೆಯುವುದು ತಂತಿಯಿಂದಲ್ಲ, ಬ್ರೇಕಿಗೆ ಹಾಕುವಂಥದೇ ಎಣ್ಣೆಯಿಂದ. ಪೆಡಲ್ ಒತ್ತಿದರೆ ಮೇಲಿನ ಸಿಲಿಂಡರಿನ ಎಣ್ಣೆ ಸಣ್ಣ ಪೈಪಿನಲ್ಲಿ ಇಳಿದು ಕೆಳಗಿನ ಸಿಲಿಂಡರನ್ನು ನೂಕುತ್ತದೆ. ಎಣ್ಣೆಯ ನಡುವೆ ಗಾಳಿ ಸೇರಿತೋ, ಪೆಡಲ್ ಮೆತ್ತಗಾಗಿ ನೆಲಕ್ಕೆ ಬೀಳುತ್ತದೆ, ಗೇರು ಹಾಕಿದರೆ ಕಿರ್ರ್ ಎಂದು ಅರಚುತ್ತದೆ. ಆಗ ಒಬ್ಬರು ಮೇಲೆ ಕೂತು ಪೆಡಲ್ ಒತ್ತಿ ಹಿಡಿಯಬೇಕು, ಇನ್ನೊಬ್ಬರು ಕೆಳಗೆ ಮಲಗಿ ನಿಪ್ಪಲ್ ಎಂಬ ಸಣ್ಣ ತಿರುಪನ್ನು ಸಡಿಲಿಸಿ ಗುಳ್ಳೆಗಳನ್ನು ಹೊರಗೆ ಬಿಡಬೇಕು. ನಮ್ಮ ಕಡೆ ಅದಕ್ಕೆ ಗಾಳಿ ತೆಗೆಯುವುದು ಎನ್ನುತ್ತಾರೆ. ಕ್ಲಚ್ ಕೆಟ್ಟರೆ 'ಗಾಳಿ ಹಿಡದೈತಿ' ಎನ್ನುತ್ತಾರೆ. ದೆವ್ವ ಮೆಟ್ಟಿಕೊಂಡವರಿಗೂ ಅದನ್ನೇ ಅನ್ನುತ್ತಾರೆ.

ಈ ಗಾಳಿ ಎಂಬ ಮಾತು ಕೇಳಿದರೆ ಉಸ್ತಾದನಿಗೆ ಮೈಮೇಲೆ ಬಂದ ಹಾಗಾಗುತ್ತಿತ್ತು. ಮುಕ್ಕುಂದದ ರೈತನೊಬ್ಬ ಒಂದು ಸಲ ಕಾರು ಎಳೆಸಿಕೊಂಡು ಬಂದ. ಹಿಂದಿನ ಸೀಟಿನಲ್ಲಿ ಅವನ ತಾಯಿ. ಮೊದಲು ನೋಡಿದ ಮೆಕ್ಯಾನಿಕ್ ಗಾಳಿ ತೆಗೆದ, ತೆಗೆದ, ಕೊನೆಗೆ ಕೈಚೆಲ್ಲಿ, "ಗಾಳಿ ಹಿಡದೈತ್ರಿ, ಎಷ್ಟ ತೆಗದ್ರೂ ಹೋಗವಲ್ದು" ಎಂದು ಪೆಡಲ್ ತೋರಿಸಿ ಹೇಳಿದನಂತೆ. ಪಕ್ಕದಲ್ಲಿದ್ದ ಮುದುಕಿ ದೆವ್ವವೆಂದೇ ತಿಳಿದಳು. ಮಗನಿಗೂ ಹೇಳದೆ ಒಂದು ತಾಯಿತ ಮಾಡಿಸಿಕೊಂಡು ಬಂದು, ಅವನು ಎಲ್ಲಿ ತೋರಿಸಿದ್ದನೋ ಅಲ್ಲಿಗೇ, ಆ ಪೆಡಲಿನ ತೋಳಿಗೇ ಮೇಲೆ ಕಟ್ಟಿಬಿಟ್ಟಳು. ಆಮೇಲೆ ನೋಡಿದ ಇನ್ನೊಬ್ಬ ಮೆಕ್ಯಾನಿಕ್ ಎರಡೂ ಸಿಲಿಂಡರ್ ಹೊಸವು ಹಾಕಿದ. ಆದರೂ ಎಣ್ಣೆ ಇಳಿಯಲೊಲ್ಲದು.

ಉಸ್ತಾದ ಮೊಣಕಾಲೂರಿ ಅಂಗೈಯಿಂದ ಪೆಡಲ್ ಒತ್ತಿದ. ಬಿಟ್ಟ. ಮತ್ತೆ ಒತ್ತಿದ. ಟಾರ್ಚ್ ಹಿಡಿದು ತಲೆಯನ್ನು ಸ್ಟೇರಿಂಗಿನ ಕೆಳಗೆ ತೂರಿಸಿದ. ಹೊರಗೆ ಬಂದಾಗ ಮುಖ ಕೆಂಪಗಾಗಿತ್ತು.

"ಇದನ್ನ ಯಾರು ಕಟ್ಟಿದ್ರು?"

"ನಾ ಕಟ್ಟೀನಿ ಯಪ್ಪಾ" ಎಂದಳು ಮುದುಕಿ. "ಗಾಳಿ ಸೋಕೈತಿ ಅಂದ್ರಲ್ಲ."

"ಯಮ್ಮಾ, ಪೆಡಲು ಪೂರಾ ಮ್ಯಾಲೆ ಬಂದರಷ್ಟ ಸಿಲಿಂಡರಿನ ತೂತು ತೆರೀತೈತಿ, ಎಣ್ಣಿ ಒಳಗ ಇಳೀತೈತಿ. ನಿನ್ನ ತಾಯಿತ ಅಡ್ಡ ಕುಂತೈತಿ. ಗಾಳಿ ಹೋಗ್ಲಿ ಅಂತ ಕಟ್ಟಿದ್ದು ಗಾಳಿನ್ನ ಒಳಗ ಹಿಡದಿಟ್ಟೈತಿ."

ನಾನು ಕಿಂಡಿಯಲ್ಲಿ ಮುಖವಿಟ್ಟು ಬಾಯಿಗೆ ಸೆರಗು ತುರುಕಿಕೊಂಡು ನಗುತ್ತಿದ್ದೆ. ಅವನು ನಗಲಿಲ್ಲ. ತಾಯಿತವನ್ನು ಜೋಪಾನವಾಗಿ ಬಿಚ್ಚಿ, ಕಣ್ಣಿಗೊತ್ತಿಕೊಂಡು, ಮುದುಕಿಯ ಕೈಗೆ ಎರಡೂ ಕೈಯಿಂದ ಕೊಟ್ಟ. "ಇದನ್ನ ಕನ್ನಡಿಗಿ ಕಟ್ಟು. ನಿಂದೇನೂ ತಪ್ಪಿಲ್ಲ. ನೋಡದ ಗಾಳಿ ಅಂದನಲ್ಲ, ಅವನ ಬಾಯಿಗಿ ಕಟ್ಟಬೇಕಾಗಿತ್ತು" ಎಂದ. ಆಮೇಲೆ ಮಗನ ಕಡೆ ತಿರುಗಿದ. ಅವನು ಬೈಸಿಕೊಂಡದ್ದನ್ನು ಇಲ್ಲಿ ಬರೆಯಲು ಬರುವಂತಿಲ್ಲ.

ಅವನ ತಕರಾರು ಇಷ್ಟೇ. ಗಾಳಿ ಎನ್ನಬಾರದು ಎಂದಲ್ಲ, ಕೆಲವು ಸಲ ಅದು ಬರೀ ಗಾಳಿಯೇ ಇರುತ್ತದೆ. ನೋಡಿ ಅನ್ನಬೇಕು. ಗಾಳಿ ತಾನಾಗಿ ಹುಟ್ಟುವುದಿಲ್ಲ, ಎಲ್ಲಿಂದಲೋ ಬಂದಿರುತ್ತದೆ. ಎಲ್ಲಿಂದ ಬಂತು ಎಂದು ಹುಡುಕದೆ ದಿನವೆಲ್ಲ ಗಾಳಿ ತೆಗೆಯುತ್ತ ಕೂತವನು ಅವನ ಲೆಕ್ಕದಲ್ಲಿ ಕೊಲೆಗಾರ. ಒಮ್ಮೆ ನಾನು ಗಿರಾಕಿಯೊಬ್ಬನಿಗೆ, "ಗಾಳಿ ಹಿಡದಿರಬೇಕ್ರಿ, ಒಂದು ಡಬ್ಬಿ ಬ್ರೇಕ್ ಆಯಿಲ್ ಒಯ್ಯಿರಿ" ಎಂದದ್ದು ಕಿಂಡಿಯಿಂದ ಕೇಳಿಸಿಬಿಟ್ಟಿತು.

"ಗಲ್ಲಾದ ಮ್ಯಾಲಿಂದ ಗಾಳಿ ಕಾಣ್ತೈತೇನ ಬೇ ನಿನಗ? ದುರ್ಬೀನ ಐತೇನ ನಿನ್ನ ಕಣ್ಣಾಗ? ಎದ್ದು ಹೋಗಿ ನೋಡು!"

ಎದ್ದು ಹೋಗಿ ನೋಡು. ಎಷ್ಟು ಸಲ ಹೇಳಿದ್ದಾನೋ ಈ ಮಾತು, ಊರ ಮಂದಿಗೆಲ್ಲ.

ನನಗೆ ಕಾರು ಓಡಿಸಲು ಕಲಿಸಿದವನೂ ಅವನೇ. ಲಿಂಗಸುಗೂರು, ಮಸ್ಕಿಯ ಸಣ್ಣ ಅಂಗಡಿಗಳಿಗೆ ಸಾಮಾನು ಮುಟ್ಟಿಸಬೇಕಿತ್ತು, ಎಷ್ಟು ದಿನ ಬಸ್ಸಿನ ಕಂಡಕ್ಟರನ ಕಾಲು ಹಿಡಿಯುವುದು? ಹಳೆಯ ಕಾರೊಂದನ್ನು ಅವನೇ ಆರಿಸಿ ಕೊಡಿಸಿದ. ಕಾಲುವೆಯ ಪಕ್ಕದ ರಸ್ತೆಯಲ್ಲಿ ಕಲಿಸಿದ. ನೆಟ್ಟಗೆ ಓಡಿಸಲು ಬಂದ ಮೇಲೆ ಒಂದು ದಿನ, "ಈಗ ಕ್ಲಚ್ ಮುಟ್ಟಬ್ಯಾಡ" ಎಂದ.

"ಕ್ಲಚ್ ಇಲ್ಲದ ಹ್ಯಾಂಗ ಓಡಿಸ್ಲಿ?"

"ಒಂದಿನ ಹೋಗ್ತೈತಿ ಅದು. ಅಂದು ರಸ್ತಾದಾಗ ಕುಂತು ಅಳ್ತಿಯೇನು?"

ಇಂಜಿನ್ ಬಂದ್ ಮಾಡಿ, ಮೊದಲನೇ ಗೇರಿನಲ್ಲಿಟ್ಟು ಚಾವಿ ತಿರುಗಿಸಿದರೆ ಗಾಡಿ ಮುಗ್ಗರಿಸಿ ಹೊರಟುಬಿಡುತ್ತದೆ. ಆಮೇಲೆ ಕಾಲೆತ್ತಿ ರೇಸ್ ಬಿಟ್ಟು, ಇಂಜಿನಿನ ದನಿ ಇಳಿಯುವುದನ್ನು ಕೇಳಿ, ಸರಿಯಾದ ಗಳಿಗೆಯಲ್ಲಿ ಗೇರನ್ನು ಜಾರಿಸಬೇಕು. ತಪ್ಪಿದರೆ ಕಿರ್ರ್ ಎಂಬ ಸದ್ದು, ಅದರ ಜೊತೆಗೆ ಅವನ ಸದ್ದು. "ಕಿವಿ ಇಲ್ಲೇನ ಬೇ? ಅದು ಕರ್‍ಯಾಕತ್ತೈತಿ, ಕೇಳವಲ್ದೇನು?" ನಾನು ಕಣ್ಣೀರು ಹಾಕಿಕೊಂಡು ಕಲಿತೆ.

ಆಮೇಲೆ ಅವನಿಗೆ ಎದೆನೋವು ಬಂತು. ಬೇಸಿಗೆ. ಒಂದು ಟಯರನ್ನು ಎತ್ತಿಡುವಾಗ ನಡುವೆ ನಿಂತುಬಿಟ್ಟ, ಎಡಗೈಯಿಂದ ಎದೆ ತಿಕ್ಕಿಕೊಂಡ. ನಾನು ಕಿಂಡಿಯಿಂದ ನೋಡಿದೆ.

"ಯಾಕಣ್ಣಾ?"

"ಏನಿಲ್ಲ ಬೇ. ಗಾಳಿ."

"ಎಂಥಾ ಗಾಳಿ?"

"ಗ್ಯಾಸ್. ಮುಂಜಾನಿ ಒಗ್ಗರಣಿ ಮಿರ್ಚಿ ತಿಂದೀನಿ. ಒಂದು ತೇಗು ಬಂದರ ಹೋಗ್ತೈತಿ."

ಎದುರಿನ ಅಂಗಡಿಯವನು ಸೋಡಾ ತಂದುಕೊಟ್ಟ. ಕುಡಿದ, ತೇಗಿದ, ನೋಡು ಎನ್ನುವ ಹಾಗೆ ನನ್ನ ಕಡೆ ಕೈ ಮಾಡಿದ. ಅಲ್ಲಿಂದ ಇದೇ ಆಯಿತು. ಎದೆ ತಿಕ್ಕುವುದು, ಸೋಡಾ, ತೇಗು. ಎಡಗೈ ಜಗ್ಗುತ್ತದೆ ಎನ್ನುತ್ತಿದ್ದ. ನಟ್ಟು ಬಿಚ್ಚುವ ಪಾನಾ ತಿರುವಿ ತಿರುವಿ ಹಾಗಾಗಿದೆ ಎಂದು ಅವನೇ ಉತ್ತರ ಹೇಳಿಕೊಳ್ಳುತ್ತಿದ್ದ. ಓಣಿಯವರೆಲ್ಲ ಡಾಕ್ಟರುಗಳಾದರು. ಒಬ್ಬ ಅಜವಾನ ತಂದ, ಒಬ್ಬ ಜೀರಿಗೆ ನೀರು, ಇನ್ನೊಬ್ಬ ಬಿಸಿನೀರಿಗೆ ನಿಂಬೆಹಣ್ಣು. ಯಾರೊಬ್ಬನೂ ಎದ್ದು ಹೋಗಿ ತೋರಿಸಿಕೊಂಡು ಬಾ ಎನ್ನಲಿಲ್ಲ. ಹೇಳಿದವರು ಇಬ್ಬರೇ, ನಾನು ಮತ್ತು ನಾನು ಅತ್ತಿಗೆ ಎನ್ನುವ ಅವನ ಹೆಂಡತಿ. ನಮ್ಮ ಮಾತು ಅವನ ಕಿವಿಯೊಳಗೆ ಇಳಿದಿದ್ದರೆ ತಾನೇ.

ಒಂದು ದಿನ ತಡೆಯಲಾಗದೆ ಗ್ಯಾರೇಜಿಗೇ ಹೋಗಿ ಅವನ ಮುಂದೆ ನಿಂತೆ. "ಅಣ್ಣಾ, ಗಾಳಿ ಎಲ್ಲಿಂದ ಬಂತು?"

ಅವನು ದುರುಗುಟ್ಟಿ ನೋಡಿದ. ತನ್ನ ಮಾತು ತನಗೇ ತಿರುಗಿದ್ದು ಅವನಿಗೆ ಸಹಿಸಲಾಗಲಿಲ್ಲ.

"ಮನಷಾ ಅಂದ್ರ ಗಾಡಿ ಅಲ್ಲ ಬೇ."

"ಹೌದು, ಅಲ್ಲ. ಗಾಡಿಗಾದರ ನನ್ನ ಅಂಗಡ್ಯಾಗ ಸಾಮಾನು ಸಿಗ್ತಾವ. ನಿನಗ ಎಲ್ಲಿಂದ ತಂದು ಕೊಡ್ಲಿ?"

"ಹೋಗು, ನಿನ್ನ ಗಲ್ಲಾ ನೋಡ್ಕೋ ಹೋಗು" ಎಂದು ಗಾಡಿಯ ಕೆಳಗೆ ಸರಿದುಬಿಟ್ಟ. ವಾದದಲ್ಲಿ ಸೋಲುವ ಹಾಗಾದಾಗಲೆಲ್ಲ ಅವನು ಗಾಡಿಯ ಕೆಳಗೆ ಹೋಗುತ್ತಿದ್ದ. ಅಲ್ಲಿಗೆ ಯಾರೂ ಹಿಂಬಾಲಿಸಲಾರರು.

ಆ ಬೇಸಿಗೆಯಲ್ಲೇ ಲಿಂಗಸುಗೂರಿನ ಅಂಗಡಿಗಳಿಗೆ ಸಾಮಾನು ಕೊಡಲು ನನ್ನ ಕಾರಿನಲ್ಲಿ ಹೋಗಿದ್ದೆವು. ಅವನಿಗೂ ಅಲ್ಲಿ ಯಾವುದೋ ಹಳೆಯ ಇಂಜಿನ್ ನೋಡುವುದಿತ್ತು. ಕೆಲವು ದಿನಗಳಿಂದ ನನ್ನ ಕ್ಲಚ್ ಮೆತ್ತಗಾಗಿತ್ತು, ಬಂದ ಮೇಲೆ ನೋಡುತ್ತೇನೆ ಎಂದಿದ್ದ. ತಿರುಗಿ ಬರುವಾಗ, ಮಸ್ಕಿ ಇನ್ನೂ ಸ್ವಲ್ಪ ದೂರವಿದೆ ಎನ್ನುವಾಗ ಪೆಡಲ್ ನೆಲ ಕಚ್ಚಿತು. ಬೇವಿನ ಮರದ ನೆರಳಿಗೆ ಹೇಗೋ ಗಾಡಿ ಸರಿಸಿದೆ.

ಅವನು ಕೆಳಗೆ ಮಲಗಿದ, ನಾನು ಪೆಡಲಿನ ಮೇಲೆ. "ಒತ್ತು. ಹಿಡಿ. ಬಿಡು." ಒತ್ತಿದೆ, ಹಿಡಿದೆ, ಬಿಟ್ಟೆ. ಎಣ್ಣೆ ಬರುತ್ತಿತ್ತು, ಗುಳ್ಳೆ ಇರಲಿಲ್ಲ, ಆದರೂ ಪೆಡಲ್ ಏಳುತ್ತಿರಲಿಲ್ಲ. ಮೇಲಿನ ಸಿಲಿಂಡರ್ ಸೋರಿದೆಯೇ ಎಂದು ಕಾಲಡಿಯ ಚಾಪೆ ಮುಟ್ಟಿ ನೋಡಲು ಹೇಳಿದ, ಒಣಗಿತ್ತು. ಕೆಳಗಿನದೂ ಒಣಗಿದೆ ಎಂದ. "ಗಾಳಿ ಅಲ್ಲ ಇದು" ಎಂದು ಗೊಣಗಿದ. "ಬ್ಯಾರೆ ಏನೋ ಐತಿ. ಮತ್ತ ಒತ್ತು." ಒತ್ತಿ ಹಿಡಿದೆ. ಬಿಡು ಎನ್ನಲಿಲ್ಲ. ಹಿಡಿದೇ ಇದ್ದೆ, ಕಾಲು ನಡುಗಲು ಹತ್ತಿತು. ಬಿಡು ಎನ್ನಲೇ ಇಲ್ಲ.

ಇಳಿದು ನೋಡಿದರೆ ಅವನು ಮಣ್ಣಿನಲ್ಲಿ ಒಂದು ಮಗ್ಗುಲಾಗಿ ಮುದುಡಿದ್ದ. ಅಂಗಿಯೆಲ್ಲ ಬೆವರಿನಿಂದ ತೊಯ್ದು, ಮುಖ ಬೂದಿಯ ಬಣ್ಣ. ಕೈ ಎದೆಯ ಮೇಲೆ.

"ಗಾಳಿ... ಬೇ" ಎಂದ.

ಸುತ್ತ ಎಲ್ಲೂ ನರಪಿಳ್ಳೆ ಇಲ್ಲ. ಅವನ ಎರಡೂ ಕಾಲು ಹಿಡಿದು ಗಾಡಿಯ ಕೆಳಗಿನಿಂದ ಎಳೆದೆ. "ಕ್ಲಚ್ ಆಗಿಲ್ಲ, ಕ್ಲಚ್ ಮೊದಲ" ಎನ್ನುತ್ತಲೇ ಇದ್ದ. "ಬಾಯಿ ಮುಚ್ಚು" ಎಂದೆ. ಅಷ್ಟು ವರ್ಷಗಳಲ್ಲಿ ಅವನಿಗೆ ಹಾಗೆ ಅಂದದ್ದು ಅದೇ ಮೊದಲು. ಹೆಗಲು ಕೊಟ್ಟು ಎಬ್ಬಿಸಿ ಪಕ್ಕದ ಸೀಟಿಗೆ ನೂಕಿದೆ. ಮೊದಲನೇ ಗೇರು ಹಾಕಿ, ಚಾವಿ ತಿರುಗಿಸಿದೆ. ಗಾಡಿ ಮುಗ್ಗರಿಸಿತು, ಹೊರಟಿತು.

"ರೇಸ್ ಬಿಡು" ಎಂದ ಕಣ್ಣು ಮುಚ್ಚಿಕೊಂಡೇ. "ಈಗ. ಈಗ ಬೇ! ಹಾಂ." ಎರಡನೆಯದು ಬಿತ್ತು. ಮೂರನೆಯದಕ್ಕೂ ಬೈದ. ಮುಂದೆ ಕುರಿ ಹಿಂಡು ರಸ್ತೆ ದಾಟುತ್ತಿತ್ತು. ನಿಂತರೆ ಮತ್ತೆ ಹೊರಡುವುದು ದೇವರ ಕೈಯಲ್ಲಿ. ಹಾರ್ನ್ ಒತ್ತಿ ಹಿಡಿದು, ತಲೆ ಹೊರಗೆ ಹಾಕಿ ಚೀರುತ್ತ, ಕುರಿಗಳ ನಡುವೆ ಎತ್ತಿನ ಬಂಡಿಯ ಹಾಗೆ ಗಾಡಿ ತೆವಳಿಸಿದೆ. ಕುರಿ ಕಾಯುವವನು ಬಡಿಗೆ ಎತ್ತಿಕೊಂಡು ಬೈದ. ಅವನ ತಪ್ಪಲ್ಲ.

ಹಿಂಡು ದಾಟಿದ ಮೇಲೆ ಪಕ್ಕದಿಂದ ದನಿ ಬರಲಿಲ್ಲ. "ಅಣ್ಣಾ" ಎಂದೆ. ಇಲ್ಲ. ತಿರುಗಿ ನೋಡಲು ಧೈರ್ಯವಾಗಲಿಲ್ಲ. ನನಗೆ ಹೊಳೆದದ್ದು ಒಂದೇ. ಬೇಕೆಂದೇ ಗೇರನ್ನು ತಪ್ಪು ಗಳಿಗೆಯಲ್ಲಿ ನೂಕಿದೆ. ಕಿರ್ರ್ ಎಂದು ಇಡೀ ಗಾಡಿ ಅರಚಿತು.

"ಕಿವಿ... ಇಲ್ಲೇನ... ಬೇ" ಎಂದಿತು ಪಕ್ಕದ ಸೀಟು.

ಜೀವ ಬಂದ ಹಾಗಾಯಿತು ನನಗೆ. ಮಸ್ಕಿ ಬರುವ ತನಕ ಅವನು ಸುಮ್ಮನಾದಾಗಲೆಲ್ಲ ಗೇರು ಅರಚಿಸಿದೆ, ಅವನು ಬೈಯುತ್ತಲೇ ಇದ್ದ, ದನಿ ಸಣ್ಣದಾಗುತ್ತ ಹೋದರೂ ಬೈದ. ಬೈ ಅಣ್ಣಾ, ಬೈ ಎಂದು ನಾನು ಅಳುತ್ತ ಓಡಿಸಿದೆ. ದವಾಖಾನೆಯ ಗೇಟಿನೊಳಗೆ ಇಂಜಿನ್ ಬಂದ್ ಮಾಡಿ, ಬ್ರೇಕು ಒತ್ತಿದಾಗ ಗಾಡಿ ಒಂದು ಸಲ ನೆಗೆದು ನಿಂತಿತು.

ಎದೆಗೆ ವೈರು ಹಚ್ಚಿ, ಉದ್ದನೆಯ ಕಾಗದ ತೆಗೆದು ನೋಡಿದ ಡಾಕ್ಟರು, ಸ್ವಲ್ಪ ತಡವಾಗಿದ್ದರೆ ಕಷ್ಟವಿತ್ತು, ಇದು ಹೃದಯದ್ದು ಎಂದರು. ಔಷಧಿ ಕೊಟ್ಟು ಆಂಬುಲೆನ್ಸಿನಲ್ಲಿ ದೊಡ್ಡ ಆಸ್ಪತ್ರೆಗೆ ಕಳಿಸಿದರು. ಅಲ್ಲಿ ರಕ್ತನಾಳಕ್ಕೆ ಸ್ಪ್ರಿಂಗ್ ಹಾಕಿದರು. ಬದುಕಿ ಬಂದ. ನಾನು ಬದುಕಿಸಿಕೊಂಡು ಬಂದೆ, ಹಾಗೆ ಹೇಳಲು ನನಗೇನೂ ಸಂಕೋಚವಿಲ್ಲ.

ಬಂದವನು ಮೊದಲು ಮಾಡಿದ್ದು ನನ್ನ ಕ್ಲಚ್ಚು. ಸಿಲಿಂಡರುಗಳ ನಡುವಿನ ರಬ್ಬರ್ ಪೈಪು ಕಿತ್ತು ತಂದು ಕಿಂಡಿಯಲ್ಲಿ ಇಟ್ಟ. "ನೋಡು. ಹೊರಗ ಹೊಸಾದು ಇದ್ದಂಗ ಐತಿ. ಒಳಗ ಸತ್ತೈತಿ. ನೀ ಒತ್ತಿದ್ದೆಲ್ಲ ಇದ ಉಬ್ಬಿ ನುಂಗಾಕತ್ತಿತ್ತು, ಕೆಳಗ ಹೋಗವಲ್ದಾಗಿತ್ತು. ಗಾಳಿ ಅಲ್ಲ ಅಂದಿದ್ನಿಲ್ಲ?" ಎಂದು ಎದೆಯುಬ್ಬಿಸಿದ. ಹೊಸ ಪೈಪು ಹಾಕಿ, ಗಾಳಿ ತೆಗೆದು, ಮೊಣಕಾಲೂರಿ, ಕಣ್ಣು ಮುಚ್ಚಿ ಅಂಗೈಯಿಂದ ಒತ್ತಿ ನೋಡಿದ. ಈ ಗಾಡಿ ನಿನ್ನ ಮೊಮ್ಮಕ್ಕಳೂ ಓಡಿಸುತ್ತಾರೆ ಎಂದ.

ಮತ್ತೆ ತನ್ನ ಎದೆ? ಓಣಿಯಲ್ಲಿ ಸಾರಿಕೊಂಡು ತಿರುಗಿದ: "ಸ್ಪ್ರಿಂಗ್ ಹಾಕ್ಯಾರ. ಈಗ ಹೊಸಾ ಇಂಜಿನ್!" ಕೆಲವು ತಿಂಗಳು ಗುಳಿಗೆ ನುಂಗಿದ, ಆಮೇಲೆ ರಿಪೇರಿ ಆದದ್ದಕ್ಕೆ ಮತ್ತೇಕೆ ಔಷಧಿ ಎಂದು ಬಿಟ್ಟುಬಿಟ್ಟ. ಅತ್ತಿಗೆ ಬೇಡಿಕೊಂಡಳು, ಕೇಳಲಿಲ್ಲ. ಮತ್ತೆ ಎದೆ ತಿಕ್ಕುವುದು ಶುರುವಾಯಿತು. ನಾನು ಕಿಂಡಿಯಿಂದ ಅರಚಿದೆ. ಅವನ ಉತ್ತರ ಕೇಳಿ: "ಅವಾಗ ಹೃದಯ ಇತ್ತು ಬೇ, ಒಪ್ಕೊಂಡೆ. ಅದು ರಿಪೇರಿ ಆತು. ಈಗ ಬರೂದು ಬರೀ ಗಾಳಿ."

ಬೆಪ್ಪೇ! ರಿಪೇರಿಯಾದ ಗಾಡಿ ತಿರುಗಿ ಬಂದರೆ ಮತ್ತೆ ಮೊದಲಿನಿಂದ ನೋಡುತ್ತಿದ್ದವನು ನೀನು. ಬೇರೆಯವರು ಹೀಗೆ ಅಂದಿದ್ದರೆ ಪಾನಾ ಎಸೆಯುತ್ತಿದ್ದವನು ನೀನು.

ಅವನು ಸತ್ತ ದಿನ ನಾನು ಲಿಂಗಸುಗೂರಿನಲ್ಲಿದ್ದೆ. ನಾನು ಊರಲ್ಲಿಲ್ಲದ ದಿನವನ್ನೇ ಆರಿಸಿಕೊಂಡ. ಎದೆ ಹಿಡಿದುಕೊಂಡು ಸ್ಟೂಲಿನ ಮೇಲೆ ಕೂತು ಸೋಡಾ ಕೇಳಿದನಂತೆ. ಕೊಟ್ಟರಂತೆ. ಇನ್ನೊಂದು ಕೇಳಿದನಂತೆ, ಕೊಟ್ಟರಂತೆ. ನಾನು ಬಂದಾಗ ಗುಂಪು ಸೇರಿತ್ತು. ಸೋಡಾ ಅಂಗಡಿಯವನು ಅಳುತ್ತ, "ಗ್ಯಾಸ್ ಅಂದ್ರು ಅಕ್ಕಾ, ಅದಕ್ಕ ಕುಡಿಸಿದ್ವಿ" ಎಂದ. ಅಷ್ಟು ಮಂದಿ ಇದ್ದರು, ಅಷ್ಟು ಗಾಡಿಗಳಿದ್ದವು ಗ್ಯಾರೇಜಿನಲ್ಲಿ, ಎಲ್ಲವೂ ಅವನೇ ಸರಿ ಮಾಡಿದ್ದವು. ಒಂದರಲ್ಲಿ ಅವನನ್ನು ಎತ್ತಿ ಹಾಕಿಕೊಂಡು ಹೋಗಬೇಕು ಎಂದು ಒಬ್ಬರಿಗೂ ತೋಚಲಿಲ್ಲ. ಅವರ ಮೇಲಿನ ಸಿಟ್ಟೂ ನನಗೆ ಹೋಗಿಲ್ಲ.

ಅವನ ಹೆಸರಿನಲ್ಲಿ ಮಾಡಿದ ಶಿವಗಣಾರಾಧನೆಯ ದಿನ ಊಟ ಮುಗಿದು ಮಂದಿ ಕರಗುವ ಹೊತ್ತು. ಅತ್ತಿಗೆ ಗೋಡೆಗೆ ಒರಗಿ ಕೂತಿದ್ದಳು, ಕೈ ಎದೆಯ ಮೇಲಿತ್ತು.

"ಯಾಕ ಅತ್ತಿಗಿ?"

"ಏನಿಲ್ಲ ತಂಗಿ. ಅತ್ತು ಅತ್ತು ಹೊಟ್ಟ್ಯಾಗ ಏನೂ ಇಲ್ಲ. ಗಾಳಿ ತುಂಬೈತಿ."

ಪಕ್ಕದ ಹೆಂಗಸು ಆಗಲೇ ಅಜವಾನ ತರಲು ಎದ್ದಿದ್ದಳು. ಇನ್ನೊಬ್ಬಳು ಸೋಡಾ ತರಿಸಲೇ ಎಂದಳು. ನನಗೆ ಏನಾಯಿತೋ ಗೊತ್ತಿಲ್ಲ, "ಈ ಮನ್ಯಾಗ ಇನ್ನ ಯಾರರ ಸೋಡಾ ಅಂದರ ಬಾಟ್ಲಿ ತಲಿಗಿ ಹೊಡೀತೀನಿ" ಎಂದು ಕೂಗಿಬಿಟ್ಟೆ. ಅತ್ತಿಗೆಯ ರಟ್ಟೆ ಹಿಡಿದು ಎಬ್ಬಿಸಿದೆ. "ಏಳು. ಗಾಡಿ ಹತ್ತು. ಗಾಳಿ ಎಲ್ಲಿಂದ ಬಂತು ಕೇಳಿ ಬರೂಣು."

ಸಿಂಧನೂರಿನ ದವಾಖಾನೆ ಎಷ್ಟು ದೂರ! ಮಾತು ಮುಗಿಯುವುದರೊಳಗೆ ಬಂತು. ಮಲಗಿಸಿದರು, ವೈರು ಹಚ್ಚಿದರು, ಕಾಗದ ತೆಗೆದರು, ಸ್ವಲ್ಪ ಹೊತ್ತು ಕಾಯಿಸಿ ಮತ್ತೊಮ್ಮೆ ತೆಗೆದರು. ರಕ್ತವನ್ನೂ ನೋಡಿದರು. ಡಾಕ್ಟರಮ್ಮ ಎಲ್ಲ ನೋಡಿ, "ಹೃದಯಕ್ಕೇನೂ ಆಗಿಲ್ರಿ. ಗ್ಯಾಸ್ ಅಷ್ಟೇ. ಹೊತ್ತಿಗೆ ಸರಿಯಾಗಿ ಊಟ ಮಾಡಿ" ಎಂದರು.

ಅತ್ತಿಗೆ ನಾಚಿಕೊಂಡಳು. ಹೊರಗೆ ಬರುವಾಗ, "ನಾ ಹೇಳಲಿಲ್ಲೇನು ಗಾಳಿ ಅಂತ? ಸುಮ್ಮ ಮಂದಿ ಮುಂದ ಎಳಕೊಂಡು ಬಂದಿ" ಎಂದಳು.

"ನೀ ನೋಡದ ಹೇಳಿದ್ದಿ ಅತ್ತಿಗಿ. ಅವರು ನೋಡಿ ಹೇಳ್ಯಾರ."

ಅವಳು ಸೆರಗು ಸರಿಮಾಡಿಕೊಂಡು ಗಾಡಿಯ ಕಡೆ ನಡೆದಳು. ಪಕ್ಕದ ಸೀಟಿನಲ್ಲಿ ಕೂತಳು, ಅವನು ಕೂತಿದ್ದ ಸೀಟು. ನಾನು ನನ್ನ ಕಡೆಯ ಬಾಗಿಲು ತೆಗೆದೆ, ಹತ್ತಲಿಲ್ಲ. ಅಂಗಳದ ಮಣ್ಣಿನಲ್ಲಿ ಮೊಣಕಾಲೂರಿದೆ. ಅಂಗೈಯನ್ನು ಕ್ಲಚ್ಚಿನ ಮೇಲಿಟ್ಟು ಒತ್ತಿದೆ.

"ಏನ ನೋಡಾಕತ್ತಿ ಬೇ?"

"ಗಾಳಿ ಐತೇನ ನೋಡಾಕತ್ತೀನಿ."

"ಐತೇನು?"

ನಿಧಾನ ಬಿಟ್ಟೆ. ಪೆಡಲ್ ನನ್ನ ಅಂಗೈಯನ್ನು ಜೋರಾಗಿ ತಿರುಗಿ ನೂಕಿತು. ಮತ್ತೆ ಒತ್ತಿದೆ, ಮತ್ತೆ ನೂಕಿತು.

"ಇಲ್ಲ ಅತ್ತಿಗಿ" ಎಂದೆ. "ನಿನ್ನ ಗಂಡ ಮಾಡಿದ್ದು. ಒಂದ ಗುಳ್ಳಿ ಬಿಟ್ಟಿಲ್ಲ ಹಾಳಾದಾಂವ."